ತಾಯಿಯ ಮಾತು, ಕೌನ್ಸಿಲಿನ ಮನೆ

ಲಂಡನ್ನಿನ ಪೂರ್ವಭಾಗದಲ್ಲಿರುವ ಬೆತ್ನಲ್ ಗ್ರೀನ್ ಎಂಬ ಕಾರ್ಮಿಕರ ಪೇಟೆಯಲ್ಲಿ, 1950ರ ಸುಮಾರಿನವರೆಗೂ, ಮಗಳ ಮದುವೆ ಗೊತ್ತಾಯಿತೆಂದರೆ ತಾಯಿಗೆ ಒಂದು ಕೆಲಸ ಹೆಚ್ಚುತ್ತಿತ್ತು. ವಾರವಾರವೂ ಬಾಡಿಗೆ ವಸೂಲಿಗೆ ಬರುವ ಗುಮಾಸ್ತನನ್ನು ಬಾಗಿಲಲ್ಲಿ ಎರಡು ನಿಮಿಷ ಹೆಚ್ಚಾಗಿ ನಿಲ್ಲಿಸಿಕೊಳ್ಳಬೇಕು; ಅವನ ಯೋಗಕ್ಷೇಮ ವಿಚಾರಿಸಬೇಕು; ಬೀದಿಯಲ್ಲಿ ಯಾವ ಮನೆ ತೆರವಾಗಲಿದೆಯೆಂದು ಮೆಲ್ಲನೆ ಕೇಳಿ, ಮಗಳ ಪರವಾಗಿ ಒಂದು ಮಾತು ಹಾಕಬೇಕು. ವರ್ಷಗಟ್ಟಲೆ ಒಂದು ವಾರವೂ ತಪ್ಪದೆ ಬಾಡಿಗೆ ತೆತ್ತ ಗೃಹಿಣಿಯ ಮಾತೆಂದರೆ ಜಾಮೀನು ಇದ್ದಂತೆ. ಆ ತಾಯಿಗೆ ಆಸ್ತಿಯಿಲ್ಲ, ಅಧಿಕಾರವಿಲ್ಲ; ಇದ್ದುದು ಈ ಒಂದು ಮಾತಿನ ಬಲ ಮಾತ್ರ. ಅದರಿಂದಲೇ ಹೊಸ ದಂಪತಿಗಳಿಗೆ ಪಕ್ಕದ ಬೀದಿಯಲ್ಲಿ ಎರಡು ಕೋಣೆಗಳು ದೊರೆಯುತ್ತಿದ್ದವು.

ಅವು ಎಂಥ ಕೋಣೆಗಳೆಂದು ಕೇಳಬಾರದು. ಎಷ್ಟೋ ಮನೆಗಳಲ್ಲಿ ಸ್ನಾನದ ಕೋಣೆಯಿಲ್ಲ, ಶೌಚಗೃಹ ಹಿತ್ತಿಲಲ್ಲಿ, ನಲ್ಲಿ ಇಬ್ಬರು ಬಾಡಿಗೆದಾರರಿಗೆ ಒಂದು. ಆದರೆ ತಾಯಿ ಕೂಗಳತೆಯಲ್ಲಿದ್ದಳು. ತಾಯಿ ಬದುಕಿದ್ದ ವಿವಾಹಿತ ಸ್ತ್ರೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹಿಂದಿನ ಒಂದೇ ದಿನದೊಳಗೆ ತಾಯಿಯನ್ನು ಕಂಡಿದ್ದರೆಂದು, ಅಲ್ಲಿ ಮನೆಮನೆಗೆ ಹೋಗಿ ವಿಚಾರಿಸಿದ ಇಬ್ಬರು ಸಮಾಜಶಾಸ್ತ್ರಜ್ಞರು ಬರೆದಿಟ್ಟಿದ್ದಾರೆ. 'ತವರು' ಎಂಬುದಕ್ಕೆ ಸಮನಾದ ಒಂದೇ ಪದ ಇಂಗ್ಲಿಷಿನಲ್ಲಿಲ್ಲ. ವಸ್ತುವಂತೂ ಬೆತ್ನಲ್ ಗ್ರೀನಿನ ಪ್ರತಿ ಬೀದಿಯಲ್ಲಿಯೂ ಇತ್ತು.

ಆ ಇಬ್ಬರೆಂದರೆ ಮೈಕೇಲ್ ಯಂಗ್ ಮತ್ತು ಪೀಟರ್ ವಿಲ್ಮಟ್. ಪೂರ್ವ ಲಂಡನ್ನಿನ ಕುಟುಂಬ ಮತ್ತು ಬಂಧುತ್ವವನ್ನು ಕುರಿತ ಅವರ ಗ್ರಂಥ 1957ರಲ್ಲಿ ಹೊರಬಂದಿತು. ಇವರಲ್ಲಿ ಯಂಗ್ ಸಾಮಾನ್ಯ ಪಂಡಿತನಲ್ಲ. 1945ರ ಚುನಾವಣೆಯಲ್ಲಿ ಬ್ರಿಟನ್ನಿನ ಲೇಬರ್ ಪಕ್ಷ ಹೊರಡಿಸಿದ ಪ್ರಣಾಳಿಕೆಯ ಕರಡನ್ನು ಬರೆದ ಕೈ ಅವನದೇ. ಪ್ರತಿಯೊಂದು ಕುಟುಂಬಕ್ಕೂ ಒಳ್ಳೆಯ ಮನೆಯೆಂಬ ಆಶ್ವಾಸನೆ ಅದರಲ್ಲಿತ್ತು. ಹತ್ತು ವರ್ಷ ಕಳೆಯುವಷ್ಟರಲ್ಲಿ, ಆ ಆಶ್ವಾಸನೆಯಂತೆ ಮನೆ ದೊರೆತವರ ಬಾಗಿಲನ್ನು ತಟ್ಟಿ, 'ಹೇಗಿದ್ದೀರಿ?' ಎಂದು ಕೇಳುವ ಪ್ರಸಂಗ ಅವನಿಗೇ ಒದಗಿತು. ಎಲ್ಲ ರಾಜಕಾರಣಿಗಳಿಗೂ ಇಂಥ ಪ್ರಸಂಗ ಒದಗಿದರೆ ಲೋಕಕ್ಕೆ ಉಪಕಾರವಾದೀತು.

ಸರ್ಕಾರದ ನೆರವಿನಿಂದ ಪೌರಸಂಸ್ಥೆಗಳು ಮನೆ ಕಟ್ಟಿ ಬಾಡಿಗೆಗೆ ಕೊಡುವ ಪದ್ಧತಿ ಆ ದೇಶದಲ್ಲಿ ವ್ಯಾಪಕವಾದುದು 1919ರ ಗೃಹನಿರ್ಮಾಣ ಕಾಯಿದೆಯಿಂದ. ಅದಕ್ಕೂ ಮುಂಚೆಯೇ, ಬೆತ್ನಲ್ ಗ್ರೀನಿನ ಅಂಚಿನಲ್ಲಿದ್ದ ಓಲ್ಡ್ ನಿಕೋಲ್ ಎಂಬ ಕೊಳಚೆ ಕೇರಿಯನ್ನು ಕೆಡವಿ, ಲಂಡನ್ ಕೌಂಟಿ ಕೌನ್ಸಿಲ್ 1900ರಲ್ಲಿ ಚೆಲುವಾದ ಇಟ್ಟಿಗೆಯ ಕಟ್ಟಡಗಳನ್ನು ತೆರೆದಿತ್ತು. ಕೇರಿಯಿಂದ ಎದ್ದುಹೋದವರು ಸುಮಾರು 5,700 ಮಂದಿ. ಹೊಸ ಕಟ್ಟಡಗಳಿಗೆ ಮರಳಿ ಬಂದವರು 11 ಮಂದಿ. ಉಳಿದ ಮನೆಗಳು ಹೆಚ್ಚಿನ ಬಾಡಿಗೆ ತೆರಬಲ್ಲ ಕುಶಲಕರ್ಮಿಗಳ ಪಾಲಾದವು. ಕೌನ್ಸಿಲಿನ ಮನೆಗೆ ಹೋಗುವುದರಲ್ಲಿ ಸ್ವಲ್ಪ ಮಾನಹಾನಿಯೂ ಬೆರೆತಿರುತ್ತಿತ್ತು. 1930ರ ದಶಕದಲ್ಲಿ ಕೊಳಚೆ ಪ್ರದೇಶಗಳಿಂದ ಬರುವವರ ಮಂಚ ಹಾಸಿಗೆಗಳನ್ನು ಹಲವು ಊರುಗಳಲ್ಲಿ ಮುಚ್ಚಿದ ಗಾಡಿಯಲ್ಲಿರಿಸಿ, ತಿಗಣೆ ಸಾಯುವಂತೆ ವಿಷಾನಿಲ ಹಾಯಿಸಿದ ಬಳಿಕವೇ ಹೊಸ ಮನೆಯೊಳಕ್ಕೆ ಬಿಡುತ್ತಿದ್ದರು. ಇನ್ನು ಉಳ್ಳವರ ಬಾಯಲ್ಲಿ ಒಂದು ಕುಹಕ: ಇವರಿಗೆ ಸ್ನಾನದ ತೊಟ್ಟಿ ಕೊಟ್ಟರೆ ಅದರಲ್ಲಿ ಕಲ್ಲಿದ್ದಲು ತುಂಬಿಡುತ್ತಾರೆ ಎಂದು.

ಎರಡನೆಯ ಮಹಾಯುದ್ಧದ ಬಾಂಬುಗಳ ತರುವಾಯ ಮನೆಗಳ ಅಭಾವ ಮಿತಿಮೀರಿತು. ಕೌನ್ಸಿಲಿನ ಮನೆ ಬೇಕಾದರೆ ಪಟ್ಟಿಯಲ್ಲಿ ಹೆಸರು ಬರೆಸಬೇಕು. ಮಕ್ಕಳೆಷ್ಟು, ಕೋಣೆಗಳೆಷ್ಟು, ನಲ್ಲಿ ಯಾರೊಡನೆ ಪಾಲು, ಮನೆಯಲ್ಲಿ ರೋಗಿಗಳುಂಟೆ ಎಂಬುದೆಲ್ಲವನ್ನೂ ಪಟ್ಟಿ ಕೇಳುತ್ತದೆ. ಬಾಗಿಲಲ್ಲಿ ನಿಂತು ನಗುವ ತಾಯಿಗೆ ಅದು ಸೊಪ್ಪುಹಾಕುವುದಿಲ್ಲ. ಪಕ್ಷಪಾತವಿಲ್ಲದಿರುವುದೇ ಅದರ ಹಿರಿಮೆ. ಆದರೆ 'ನಿನ್ನ ತಾಯಿ ಎಲ್ಲಿದ್ದಾಳೆ?' ಎಂಬ ಪ್ರಶ್ನೆಗೆ ಅದರಲ್ಲಿ ಸ್ಥಳವಿರಲಿಲ್ಲ. ಮನೆ ಎಲ್ಲಿ ಖಾಲಿಯೋ ಅಲ್ಲಿಗೆ ಹೋಗಬೇಕು.

ಹೀಗೆ ಹೋದವರಲ್ಲಿ ಅನೇಕರು ಸೇರಿದ್ದು ಎಸೆಕ್ಸ್ ಪ್ರಾಂತದ ಡೆಬ್ಡನ್ ಬಡಾವಣೆಯನ್ನು. ಯಂಗ್ ಮತ್ತು ವಿಲ್ಮಟ್ ತಮ್ಮ ಗ್ರಂಥದಲ್ಲಿ ಅದಕ್ಕೆ 'ಗ್ರೀನ್‌ಲೀ' ಎಂಬ ಕಲ್ಪಿತ ನಾಮವನ್ನಿತ್ತರು. ಒಳಗೇ ಸ್ನಾನಗೃಹ, ಹಿಂದೆ ಮುಂದೆ ತೋಟ, ಮಕ್ಕಳಿಗೆ ಬಯಲು, ಒಳ್ಳೆಯ ಗಾಳಿ. ಏಕೆ ಬಂದಿರೆಂದರೆ 'ಮಕ್ಕಳಿಗಾಗಿ' ಎಂಬ ಉತ್ತರ ಮತ್ತೆ ಮತ್ತೆ ಬರುತ್ತಿತ್ತು. ದೂರವೂ ಅಗಾಧವೇನಲ್ಲ. 1949ರಿಂದ ಬೆತ್ನಲ್ ಗ್ರೀನ್ ಮತ್ತು ಡೆಬ್ಡನ್ ಒಂದೇ ರೈಲುಮಾರ್ಗದ ನಿಲ್ದಾಣಗಳು. ಆದರೆ ತಾಯಿಯ ಮನೆಗೆ ರೈಲಿನಲ್ಲಿ ಹೋಗುವುದಕ್ಕೂ ಸೆರಗಿಗೆ ಕೈ ಒರೆಸಿಕೊಂಡು ಹೋಗುವುದಕ್ಕೂ ಇರುವ ಅಂತರವನ್ನು ಮೈಲಿಗಳಲ್ಲಿ ಅಳೆಯಲಾಗದು. ಹೊಸ ಮನೆಯ ಬಾಡಿಗೆ ಹೆಚ್ಚು. ಗಂಡ ಕೆಲಸಕ್ಕೆ ಹೋಗಿಬರುವ ರೈಲುವೆಚ್ಚ ಬೇರೆ. ಅದರ ಮೇಲೆ ಹೆಂಡತಿ ಮಕ್ಕಳ ಟಿಕೆಟ್ಟು. ದಿನದ ಭೇಟಿ ವಾರಕ್ಕೊಮ್ಮೆಯಾಯಿತು, ಕೆಲವರಿಗೆ ಇನ್ನೂ ಅಪರೂಪವಾಯಿತು. ಹೆಂಡತಿ ಹಾಸಿಗೆ ಹಿಡಿದರೆ ಗಂಜಿ ಕಾಯಿಸಲು ತಾಯಿ ಓಡಿಬರುವಂತಿಲ್ಲ. ಗಂಡನೇ ಕೂಲಿ ಕಳೆದುಕೊಂಡು ಮನೆಯಲ್ಲಿ ನಿಲ್ಲಬೇಕು. ನೆರೆಯವರಿದ್ದರು, ಆದರೆ ಅವರೂ ಇವರಂತೆಯೇ ಹೊಸಬರು. ಬಾಲ್ಯದಿಂದ ಬಲ್ಲವರ ನಡುವೆ ಮನುಷ್ಯನಿಗೆ ಅವನ ಗುಣದಿಂದ ಬೆಲೆ. ಅಪರಿಚಿತರ ನಡುವೆ ಕಿಟಕಿಯ ಪರದೆಯಿಂದ ಬೆಲೆ. ಟೆಲಿವಿಷನ್ ಪೆಟ್ಟಿಗೆಗಳು ಹಳೆಯ ಪೇಟೆಗಿಂತ ಹೊಸ ಬಡಾವಣೆಯಲ್ಲೇ ಬಹಳ ಹೆಚ್ಚಾಗಿದ್ದುವೆಂಬುದನ್ನೂ ಆ ಗ್ರಂಥ ಗುರುತಿಸಿದೆ. ಸಂಜೆ ಮಾತಿಗೆ ಯಾರೂ ಬಾರದ ಮನೆಗೆ ಅದೇ ಅತಿಥಿಯಾಯಿತು.

ಗ್ರಂಥ ಜನಪ್ರಿಯವಾಯಿತು, ಓದಿದವರ ಕಣ್ಣು ಒದ್ದೆಯಾಯಿತು. ಕಣ್ಣು ಒರೆಸಿಕೊಂಡು ನೋಡಿದವರೂ ಉಂಟು. ಆ ಸಂದರ್ಶನಗಳ ಟಿಪ್ಪಣಿಗಳಲ್ಲಿ ಉಳಿದವನ್ನು ಪುನಃ ಓದಿದ ಇತಿಹಾಸಕಾರ ಜಾನ್ ಲಾರೆನ್ಸ್, ಬಂಧುಗಳ ಕಣ್ಗಾವಲಿನಿಂದ ತಪ್ಪಿಸಿಕೊಂಡು ತಮ್ಮದೇ ಬಾಗಿಲನ್ನು ಮುಚ್ಚಿಕೊಳ್ಳಲು ತವಕಪಡುತ್ತಿದ್ದವರ ದನಿ ಗ್ರಂಥದಲ್ಲಿ ಕುಗ್ಗಿಹೋಗಿದೆಯೆಂದು 2019ರ ತನ್ನ ಪುಸ್ತಕದಲ್ಲಿ ವಾದಿಸಿದ್ದಾನೆ. ಇದನ್ನು ನಂಬಲು ಸಂಶೋಧನೆಯೇ ಬೇಕಾಗಿಲ್ಲ. ತಾಯಿಯ ಮನೆ ಕೂಗಳತೆಯಲ್ಲಿರಲೆಂದು ಮಗಳು ಬಯಸುವಳು. ಆದರೆ ಅದೇ ತಾಯಿ ಇನ್ನೊಬ್ಬಳಿಗೆ ಅತ್ತೆ, ಅಳಿಯನಿಗೂ ಅತ್ತೆ.

ತಾಯಿಯ ಮಾತಿಗೆ ಮತ್ತೊಂದು ಮುಖವಿತ್ತು; ಅದೇನೂ ಚೆಲುವಾದುದಲ್ಲ. ಬೀದಿಯಲ್ಲಿ ತಾಯಿಯೇ ಇಲ್ಲದವರ ಪರವಾಗಿ ಮಾತಾಡುವವರು ಯಾರು? 1977ರ ಕಾಯಿದೆ, ನಿರ್ವಸಿತ ಕುಟುಂಬಗಳಿಗೆ ವಸತಿ ಒದಗಿಸುವ ಹೊಣೆಯನ್ನು ಪೌರಸಂಸ್ಥೆಗಳಿಗೆ ಹೊರಿಸಿತು. ಆ ವೇಳೆಗೆ ಬೆತ್ನಲ್ ಗ್ರೀನ್ ಸುತ್ತಮುತ್ತ ಬಾಂಗ್ಲಾದೇಶದಿಂದ ಬಂದ ಸಂಸಾರಗಳು ನೆಲೆಸತೊಡಗಿದ್ದವು. ಒಂದು ಕೋಣೆಯಲ್ಲಿ ಆರೇಳು ಜನ ತುಂಬಿದ್ದ ಅವರ ಅಗತ್ಯ ದೊಡ್ಡದು. ಪಟ್ಟಿಯ ನ್ಯಾಯದಂತೆ ಸರದಿ ಅವರದು. ಅಲ್ಲಿಯೇ ಹುಟ್ಟಿ ಬೆಳೆದವರ ಮಕ್ಕಳು ಮನೆಗಾಗಿ ದೂರ ಹೋಗಬೇಕಾದಾಗ ಅಸಮಾಧಾನ ಹೊಗೆಯಾಡಿತು. 1986ರಲ್ಲಿ ಟವರ್ ಹ್ಯಾಮ್ಲೆಟ್ಸ್ ಕೌನ್ಸಿಲಿನ ಅಧಿಕಾರಕ್ಕೆ ಬಂದ ಲಿಬರಲ್ ಪಕ್ಷದವರು, ಬಾಡಿಗೆದಾರರ ಗಂಡು ಹೆಣ್ಣು ಮಕ್ಕಳಿಗೇ ಆದ್ಯತೆಯೆಂಬ ಯೋಜನೆ ತಂದರು. ಹಳೆಯ ತಾಯಿಯ ಮಾತು ಸರ್ಕಾರಿ ಮೊಹರು ಹಾಕಿಸಿಕೊಂಡು ಮರಳಿತೆನ್ನಬಹುದು. ಮೊದಲೇ ಒಳಗಿದ್ದವರಿಗೆ ಅದು ವಾತ್ಸಲ್ಯ. ಹೊಸದಾಗಿ ಬಂದವರಿಗೆ ಮುಚ್ಚಿದ ಬಾಗಿಲು. ಯಂಗ್ 2002ರಲ್ಲಿ ತೀರಿಕೊಂಡನು. ಅವನು ಇತರರೊಡಗೂಡಿ ರಚಿಸಿದ, ಇದೇ ಕಲಹವನ್ನು ಕುರಿತ ಗ್ರಂಥ 2006ರಲ್ಲಿ ಪ್ರಕಟವಾಯಿತು. ಅದು ಹಳಬರ ಅಳಲಿಗೆ ಹೆಚ್ಚು ಕಿವಿಗೊಟ್ಟಿತೆಂಬ ಟೀಕೆಗೂ ಗುರಿಯಾಯಿತು.

ಮನೆಗಳು ಸಾಕಷ್ಟಿದ್ದರೆ ಈ ಜಗಳ ಇಷ್ಟು ಕಹಿಯಾಗುತ್ತಿರಲಿಲ್ಲ. 1980ರ ಕಾಯಿದೆ, ಬಾಡಿಗೆದಾರರು ತಾವಿರುವ ಕೌನ್ಸಿಲ್ ಮನೆಯನ್ನು ರಿಯಾಯಿತಿ ಬೆಲೆಗೆ ಕೊಳ್ಳುವ ಹಕ್ಕನ್ನಿತ್ತಿತು. ಲಕ್ಷಗಟ್ಟಲೆ ಮನೆಗಳು ಮಾರಿಹೋದವು. ಅವುಗಳ ಸ್ಥಾನದಲ್ಲಿ ಅಷ್ಟೇ ಮನೆಗಳು ಏಳಲಿಲ್ಲ. 2024ರಲ್ಲಿ ಇಂಗ್ಲೆಂಡಿನಲ್ಲಿ ಪಟ್ಟಿಯಲ್ಲಿದ್ದ ಸಂಸಾರಗಳು 13 ಲಕ್ಷಕ್ಕೂ ಹೆಚ್ಚು. ಕೊನೆಗೊಮ್ಮೆ ಕೀಲಿ ಕೈಗೆ ಬಂದಾಗ ಒಳಗೆ ಅನೇಕ ವೇಳೆ ಕಾಣುವುದು ಬರಿಯ ಗಾರೆನೆಲ. ಹಿಂದಿನವರ ಜಮಖಾನೆಯನ್ನು ಕಿತ್ತುಹಾಕಿರುತ್ತಾರೆ; ಒಲೆಯೂ ಇರುವುದಿಲ್ಲ. ಆ ಚಳಿಯ ದೇಶದಲ್ಲಿ ನೆಲಕ್ಕೆ ಹೊದಿಕೆ, ಅಡಿಗೆಗೆ ಒಲೆ, ಕಿಟಕಿಗೆ ಪರದೆ, ಎಲ್ಲಕ್ಕೂ ಮೊದಲ ತಿಂಗಳೇ ಹಣ ಹೊಂದಿಸಬೇಕು.

ಇಷ್ಟರ ನಡುವೆ, ಅಷ್ಟಾಗಿ ಯಾರೂ ಹೊಗಳದ ಒಂದು ಸಣ್ಣ ಏರ್ಪಾಡು ಉಳಿದುಬಂದಿದೆ. ಖಾಯಂ ಹಕ್ಕಿನ ಇಬ್ಬರು ಬಾಡಿಗೆದಾರರು ಪರಸ್ಪರ ಒಪ್ಪಿ ತಮ್ಮ ಮನೆಗಳನ್ನು ಅದಲುಬದಲು ಮಾಡಿಕೊಳ್ಳಬಹುದು. ಮನೆಯ ಒಡೆತನವುಳ್ಳ ಸಂಸ್ಥೆಯ ಲಿಖಿತ ಒಪ್ಪಿಗೆ ಬೇಕು. ಕಾನೂನಿನಲ್ಲಿ ಹೇಳಿದ ಕಾರಣಗಳಿದ್ದಲ್ಲದೆ ಅದು ನಿರಾಕರಿಸುವಂತಿಲ್ಲ. ಹಿತ್ತಿಲಿರುವ ಮನೆಯನ್ನು ಬಿಟ್ಟು ಪೇಟೆಯ ನಾಲ್ಕನೆಯ ಅಂತಸ್ತಿಗೆ ಬರಲು ಮಗಳೊಬ್ಬಳು ಸಿದ್ಧಳಿದ್ದು, ಹಿತ್ತಿಲಿಗಾಗಿ ಹಂಬಲಿಸುವ ಇನ್ನೊಂದು ಸಂಸಾರ ಅದೇ ಅಂತಸ್ತಿನಲ್ಲಿದ್ದರೆ ಸಾಕು. ಪಟ್ಟಿಯಲ್ಲಿ ಕಾದಿರುವ ಯಾರ ಸರದಿಯೂ ಇದರಿಂದ ಹಿಂದೆ ಬೀಳುವುದಿಲ್ಲ.