ಸ್ನಾತಕ-ಸ್ನಾತಕೋತ್ತರ ಕನ್ನಡ ಪಠ್ಯಕ್ರಮ: ಓಲೆಗರಿ ಇಲ್ಲದ ಗ್ರಂಥಸಂಪಾದನೆ

ಕರ್ನಾಟಕದ ವಿಶ್ವವಿದ್ಯಾನಿಲಯಗಳ ಕನ್ನಡ ವಿಭಾಗಗಳಿಗೆ ಪಠ್ಯಕ್ರಮ ಪರಿಷ್ಕರಣೆ ಇತ್ತೀಚೆಗೆ ಬಿಡುವಿಲ್ಲದ ಕೆಲಸವಾಗಿ ಪರಿಣಮಿಸಿದೆ. ರಾಷ್ಟ್ರೀಯ ಶಿಕ್ಷಣ ನೀತಿಗೆ ಅನುಗುಣವಾಗಿ 2021-22ರಲ್ಲಿ ನಾಲ್ಕು ವರ್ಷಗಳ ಆನರ್ಸ್ ಪದವಿ ಜಾರಿಗೆ ಬಂದಿತು. 2024ರ ಮೇ ತಿಂಗಳ ಸರ್ಕಾರಿ ಆದೇಶದಂತೆ 2024-25ರಿಂದ ಮೂರು ವರ್ಷಗಳ ಪದವಿ ಮರಳಿತು. ನಡುವಿನ ಮೂರು ತಂಡಗಳ ವಿದ್ಯಾರ್ಥಿಗಳು ಹಳೆಯ ವ್ಯವಸ್ಥೆಯಲ್ಲೇ ಮುಂದುವರಿದುದರಿಂದ ಒಂದೇ ವಿಭಾಗದಲ್ಲಿ ಎರಡು ಪಠ್ಯಕ್ರಮಗಳು ಜೊತೆಜೊತೆಯಾಗಿ ನಡೆದವು. ಕ್ರೆಡಿಟ್‌ಗಳ ಹಂಚಿಕೆ, ಪತ್ರಿಕೆಗಳ ಸಂಖ್ಯೆ, ಆಂತರಿಕ ಅಂಕಗಳ ಪ್ರಮಾಣ ಇವುಗಳನ್ನು ಹೊಂದಿಸುವುದರಲ್ಲಿಯೇ ಅಧ್ಯಯನ ಮಂಡಳಿಗಳ ಶಕ್ತಿ ವ್ಯಯವಾಯಿತು. ಸ್ನಾತಕ ತರಗತಿಯಲ್ಲಿ ಏನನ್ನು ಕಲಿತು ಬಂದ ವಿದ್ಯಾರ್ಥಿಗೆ ಸ್ನಾತಕೋತ್ತರ ತರಗತಿಯಲ್ಲಿ ಏನನ್ನು ಕಲಿಸಬೇಕು ಎಂಬ ಮೂಲಭೂತ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಈ ಪ್ರಶ್ನೆ ಹೆಚ್ಚು ತೀವ್ರವಾಗಿ ಎದುರಾಗುವುದು ಹಳಗನ್ನಡದ ಅಧ್ಯಯನದಲ್ಲಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾದದ್ದು 1927ರಲ್ಲಿ. ಆ ಮೊದಲ ವರ್ಷಗಳ ವಿದ್ಯಾರ್ಥಿಗಳಲ್ಲಿ ಕುವೆಂಪು ಅವರೂ ಡಿ.ಎಲ್. ನರಸಿಂಹಾಚಾರ್ ಅವರೂ ಇದ್ದರು. ಒಬ್ಬರು ಹೊಸಗನ್ನಡದ ಮಹಾಕವಿಯಾದರು, ಇನ್ನೊಬ್ಬರು 'ವಡ್ಡಾರಾಧನೆ'ಯಂತಹ ಕೃತಿಯನ್ನು ಸಂಪಾದಿಸಿಕೊಟ್ಟರು. ಒಂದೇ ಪಠ್ಯಕ್ರಮದಿಂದ ಎರಡು ಬಗೆಯ ಪ್ರತಿಭೆಗಳೂ ಪೋಷಣೆ ಪಡೆದವು ಎಂಬುದು ಇಲ್ಲಿ ಗಮನಾರ್ಹ. ಅಂದಿನ ತರಗತಿ ಬಹುಮಟ್ಟಿಗೆ ಮೇಲ್ವರ್ಗದ, ನಗರದ ಗಂಡುಮಕ್ಕಳ ತರಗತಿಯಾಗಿತ್ತು ಎಂಬುದನ್ನು ಮರೆಯುವಂತಿಲ್ಲ. ಆದ್ದರಿಂದ ಹಿಂದಿನದೆಲ್ಲ ಸುವರ್ಣಯುಗ ಎಂದು ಕೊಂಡಾಡುವ ಉದ್ದೇಶ ಈ ಲೇಖನಕ್ಕಿಲ್ಲ.

ಹಳಗನ್ನಡದ ಹಿನ್ನಡೆಗೆ ಹಿರಿಯರು ಸಾಮಾನ್ಯವಾಗಿ ಕೊಡುವ ಕಾರಣವೊಂದಿದೆ. ದಲಿತ ಸಾಹಿತ್ಯ, ಮಹಿಳಾ ಅಧ್ಯಯನ, ಜಾನಪದ, ಸಂಸ್ಕೃತಿ ಅಧ್ಯಯನ, ಅನುವಾದ, ಮಾಧ್ಯಮ ಮುಂತಾದ ಹೊಸ ಪತ್ರಿಕೆಗಳು ಹಳೆಯವುಗಳ ಜಾಗವನ್ನು ಆಕ್ರಮಿಸಿದವು ಎಂಬುದು ಅದು. ಈ ವಾದವನ್ನು ಒಪ್ಪಲಾಗದು. ಪಂಪನನ್ನಾಗಲಿ ವಚನಕಾರರನ್ನಾಗಲಿ ಹೊಸದಾಗಿ ಪ್ರಶ್ನಿಸುವ ಓದುಗರನ್ನು ವಿಭಾಗಕ್ಕೆ ಕರೆತಂದದ್ದೇ ಈ ಪತ್ರಿಕೆಗಳು. ಕೊರತೆ ಇರುವುದು ಬೇರೆಡೆ. ಪ್ರಶ್ನೆ ಕೇಳಬಲ್ಲ ವಿದ್ಯಾರ್ಥಿಗೆ ಮೂಲಪಠ್ಯವನ್ನು ತಾನೇ ಓದಿ ಉತ್ತರ ಹುಡುಕುವ ಸಾಧನವನ್ನು ನಾವು ಕೊಡುತ್ತಿಲ್ಲ. ಆತ ಗದ್ಯಾನುವಾದವನ್ನು ಓದಿ ಮೂಲದ ರಾಜಕಾರಣವನ್ನು ಚರ್ಚಿಸಬೇಕಾಗಿದೆ. ಅನುವಾದಕನ ರಾಜಕಾರಣವನ್ನು ಚರ್ಚಿಸುವವರು ಯಾರು?

ಸಾಧನ ಎಂದರೇನು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ. ತಾಡಪ್ರತಿಗಳಲ್ಲಿ ಎ-ಏ, ಒ-ಓ ಸ್ವರಗಳ ಹ್ರಸ್ವದೀರ್ಘ ಭೇದವನ್ನು ಸಾಮಾನ್ಯವಾಗಿ ತೋರಿಸಿರುವುದಿಲ್ಲ. 'ಕೊಡು' ಮತ್ತು 'ಕೋಡು' ಓಲೆಯ ಮೇಲೆ ಒಂದೇ ರೀತಿ ಕಾಣುತ್ತವೆ. ತಡವಾಗಿ ನಕಲಾದ ಪ್ರತಿಗಳಲ್ಲಿ ೞಕಾರ ಳಕಾರವಾಗಿಯೂ ಱಕಾರ ರಕಾರವಾಗಿಯೂ ಮಾರ್ಪಟ್ಟಿರುತ್ತವೆ. ಹೀಗಾಗಿ ನಾಶವಾಗು ಎಂಬರ್ಥದ 'ಅೞಿ'ಗೂ ದುಂಬಿ ಎಂಬರ್ಥದ 'ಅಳಿ'ಗೂ ವ್ಯತ್ಯಾಸ ಉಳಿಯುವುದಿಲ್ಲ. ಇಲ್ಲಿ ಓದುಗನ ನೆರವಿಗೆ ಬರುವುದು ಛಂದಸ್ಸು. ಕಂದಪದ್ಯದ ನಾಲ್ಕು ಪಾದಗಳಲ್ಲಿ ಕ್ರಮವಾಗಿ 12, 20, 12, 20 ಮಾತ್ರೆಗಳಿರಬೇಕು. ವಿಷಮಸ್ಥಾನದ ಗಣಗಳಲ್ಲಿ ಜಗಣ ಬರುವಂತಿಲ್ಲ. ಪ್ರತಿ ಅರ್ಧದ ಆರನೆಯ ಗಣ ಜಗಣವೋ ಸರ್ವಲಘುವೋ ಆಗಿರಬೇಕು. ಮಾತ್ರೆಯ ಲೆಕ್ಕವೇ ಅನೇಕ ಕಡೆ ಹ್ರಸ್ವವೋ ದೀರ್ಘವೋ ಎಂಬುದನ್ನು ತೀರ್ಮಾನಿಸುತ್ತದೆ. ಪಾದದ ಮೊದಲ ಅಕ್ಷರದಲ್ಲಿ ಸಂದೇಹ ಬಂದರೆ, ಆದಿಪ್ರಾಸದ ನಿಯಮದಂತೆ ಉಳಿದ ಮೂರು ಪಾದಗಳು ಸಾಕ್ಷಿ ನುಡಿಯುತ್ತವೆ. ಪ್ರಾಸಸ್ಥಾನದಲ್ಲಿ ಸಿಕ್ಕುವ ೞಕಾರಕ್ಕೂ ಇದೇ ಆಧಾರ. ಅದು ಯಾವ ಧಾತುವಿಗೆ ಸೇರಿದುದು ಎಂದು ತಿಳಿಯಲು ಕೇಶಿರಾಜನ ಬಳಿಗೆ ಹೋಗಬೇಕಾಗುತ್ತದೆ.

ಎಂದರೆ ಛಂದಸ್ಸು, ವ್ಯಾಕರಣ, ಗ್ರಂಥಸಂಪಾದನೆ ಇವು ಬಿಡಿಬಿಡಿ ವಿಷಯಗಳಲ್ಲ, ಒಂದೇ ಓದಿನ ಮೂರು ಮುಖಗಳು. ನಮ್ಮ ಬಹುಪಾಲು ಪಠ್ಯಕ್ರಮಗಳಲ್ಲಿ ಇವು ಬೇರೆಬೇರೆ ಸೆಮಿಸ್ಟರ್‌ಗಳಲ್ಲಿ, ಬೇರೆಬೇರೆ ಅಧ್ಯಾಪಕರ ಕೈಯಲ್ಲಿ, ಪರಸ್ಪರ ಪರಿಚಯವಿಲ್ಲದ ನೆಂಟರಂತೆ ಬಂದುಹೋಗುತ್ತವೆ. ಕಂದದ ಲಕ್ಷಣ ಹತ್ತು ಅಂಕದ ಪ್ರಶ್ನೆಯಾಗುತ್ತದೆ. ಪಾಠಾಂತರದ ವ್ಯಾಖ್ಯೆ ಐದು ಅಂಕದ ಟಿಪ್ಪಣಿಯಾಗುತ್ತದೆ. ಓಲೆಗರಿಯನ್ನು ಒಮ್ಮೆಯೂ ಕೈಯಲ್ಲಿ ಹಿಡಿಯದೆ ಗ್ರಂಥಸಂಪಾದನೆಯಲ್ಲಿ ಪ್ರಥಮ ದರ್ಜೆಯ ಅಂಕ ಪಡೆಯುವುದು ಸಾಧ್ಯವಾಗಿದೆ. ಈಜುವುದನ್ನು ಕಪ್ಪುಹಲಗೆಯ ಮೇಲೆ ಕಲಿಸಿದಂತೆ ಇದು.

ಸ್ನಾತಕ ಹಂತವನ್ನು ನೋಡಿದರೆ ಇದರ ಕಾರಣ ಇನ್ನಷ್ಟು ಸ್ಪಷ್ಟವಾಗುತ್ತದೆ. ಬಿ.ಎ.ಯಲ್ಲಿ ಕನ್ನಡವನ್ನು ಐಚ್ಛಿಕ ವಿಷಯವಾಗಿ ಓದಿದವರಿಗೆ ಕಾವ್ಯಭಾಗವೊಂದರ ಪರಿಚಯವಾದರೂ ಇರುತ್ತದೆ. ಭಾಷಾ ಪತ್ರಿಕೆಯನ್ನು ಮಾತ್ರ ಓದಿದವರು ಹಳಗನ್ನಡವನ್ನು ಕಂಡಿರುವುದು ಬೆರಳೆಣಿಕೆಯ ಪದ್ಯಗಳಲ್ಲಿ. ಇಬ್ಬರೂ ಒಂದೇ ಎಂ.ಎ. ತರಗತಿಯಲ್ಲಿ ಕುಳಿತಾಗ ಅಧ್ಯಾಪಕರು ಅನಿವಾರ್ಯವಾಗಿ ಕಥಾಸಾರಕ್ಕೆ ಇಳಿಯುತ್ತಾರೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ಭಾರದ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಹೆಗಲಿಗೆ ಬಿದ್ದಿದೆ. ಮುಂದಿನ ವರ್ಷ ತಾವು ಅಲ್ಲಿರುತ್ತೇವೆಯೋ ಇಲ್ಲವೋ ಎಂದು ತಿಳಿಯದವರಿಂದ ಮೂರು ವರ್ಷಗಳ ಕ್ರಮಬದ್ಧ ಹಳಗನ್ನಡ ಶಿಕ್ಷಣವನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಇನ್ನೊಂದು ತುದಿಯಲ್ಲಿ ಎನ್.ಇ.ಟಿ. ಇದೆ. 2018ರಿಂದ ಅದರ ವಿಷಯ ಪತ್ರಿಕೆ 100 ಬಹು ಆಯ್ಕೆಯ ಪ್ರಶ್ನೆಗಳ, 200 ಅಂಕಗಳ ಒಂದೇ ಪತ್ರಿಕೆಯಾಗಿದೆ. 2024ರಿಂದ ಪಿಎಚ್.ಡಿ. ಪ್ರವೇಶಕ್ಕೂ ಅದರ ಅಂಕಗಳನ್ನು ಪರಿಗಣಿಸಬಹುದಾಗಿದೆ. ಕವಿ-ಕೃತಿ-ಕಾಲಗಳನ್ನು ಹೊಂದಿಸಿ ಬರೆಯಬಲ್ಲವನು ಸಂಶೋಧಕನಾಗಬಹುದು. ಹಿಂದೆ ಎಂ.ಫಿಲ್. ಎಂಬ ನಡುಮೆಟ್ಟಿಲೊಂದಿತ್ತು, ಸಂಶೋಧನ ವಿಧಾನದ ಪ್ರಾಥಮಿಕ ಪಾಠಗಳು ಎಷ್ಟೋ ಜನರಿಗೆ ದೊರೆತದ್ದು ಅಲ್ಲಿಯೇ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2022ರ ನಿಯಮಾವಳಿ ಆ ಪದವಿಯನ್ನು ಕೈಬಿಟ್ಟಿತು. ಆ ಹೊಣೆ ಈಗ ಪೂರ್ಣವಾಗಿ ಎಂ.ಎ. ತರಗತಿಯ ಮೇಲಿದೆ. ಪಠ್ಯಕ್ರಮಗಳಲ್ಲಿ ಅದರ ಅರಿವು ಕಾಣುತ್ತಿಲ್ಲ.

2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆತಾಗ ನಾವು ಮುಂದಿಟ್ಟ ಆಧಾರಗಳು ಶಾಸನಗಳು ಮತ್ತು ಪ್ರಾಚೀನ ಕೃತಿಗಳು. ಅವುಗಳನ್ನು ನೇರವಾಗಿ ಓದಬಲ್ಲವರ ಸಂಖ್ಯೆ ವಿಭಾಗಗಳ ಒಳಗೇ ಕ್ಷೀಣಿಸುತ್ತಿದೆ. ಮೈಸೂರು, ಧಾರವಾಡ, ಹಂಪಿಗಳ ಹಸ್ತಪ್ರತಿ ಭಂಡಾರಗಳಲ್ಲಿ ಕಟ್ಟುಗಳು ಇವೆ. ಅವುಗಳ ಡಿಜಿಟಲೀಕರಣದ ಮಾತೂ ನಡೆದಿದೆ. ಛಾಯಾಚಿತ್ರ ಓಲೆಯನ್ನು ಉಳಿಸೀತು, ಓದುಗನನ್ನು ತಯಾರಿಸಲಾರದು.

ಪರಿಹಾರಕ್ಕೆ ಹೊಸ ನೀತಿಯೊಂದನ್ನು ಕಾಯಬೇಕಾಗಿಲ್ಲ. ಎಂ.ಎ.ಯ ಮೊದಲೆರಡು ಸೆಮಿಸ್ಟರ್‌ಗಳಲ್ಲಿ ಛಂದಸ್ಸು, ವ್ಯಾಕರಣ, ಗ್ರಂಥಸಂಪಾದನೆಗಳನ್ನು ಸೇರಿಸಿ, ಒಂದೇ ಕಾವ್ಯಭಾಗದ ಮೇಲೆ ಕಮ್ಮಟದ ರೀತಿಯಲ್ಲಿ ಕಲಿಸಬಹುದು. ಲಕ್ಷಣವನ್ನು ಮೊದಲು ಬಾಯಿಪಾಠ ಮಾಡಿಸುವುದರ ಬದಲು, ಓಲೆಗರಿಯ ಛಾಯಾಪ್ರತಿಯನ್ನು ಮುಂದಿಟ್ಟು, ಓದಿಗೆ ತೊಡಕು ಬಂದಲ್ಲಿ ಸೂತ್ರವನ್ನು ಹೇಳಬಹುದು. ಐಚ್ಛಿಕ ಕನ್ನಡವನ್ನು ಓದದೆ ಬಂದವರಿಗೆ ಆರಂಭದಲ್ಲಿ ಕೆಲವು ವಾರಗಳ ಪೂರ್ವಭಾವಿ ತರಗತಿ ಬೇಕು. ಇದನ್ನು ಪರೀಕ್ಷೆಯಲ್ಲಿ ಅಳೆಯುವುದು ಹೇಗೆ ಎಂಬ ಆಕ್ಷೇಪಣೆ ಬರುವುದು ಸಹಜ. ಆಂತರಿಕ ಅಂಕಗಳು ವಿಭಾಗದ ಕೈಯಲ್ಲಿಯೇ ಇವೆ. ಅವುಗಳನ್ನು ಹಾಜರಾತಿಗೆ ಮತ್ತು ಗೈಡುಗಳಿಂದ ಇಳಿಸಿಕೊಂಡ ನಿಯೋಜಿತ ಪ್ರಬಂಧಕ್ಕೆ ಕೊಡುವುದನ್ನು ನಿಲ್ಲಿಸಿ, ಪ್ರತಿ ವಿದ್ಯಾರ್ಥಿಗೂ ಬೇರೆಬೇರೆ ಗರಿಯ ಐದು ಪದ್ಯಗಳನ್ನು ಕೊಟ್ಟು, ಪಾಠನಿರ್ಣಯಕ್ಕೆ ಕಾರಣಗಳನ್ನು ಬರೆಯಿಸಬಹುದು. ಮೌಲ್ಯಮಾಪನಕ್ಕೆ ಹೆಚ್ಚು ಸಮಯ ಹಿಡಿಯುತ್ತದೆ ನಿಜ, ಆದರೆ ನಲವತ್ತು ವಿದ್ಯಾರ್ಥಿಗಳ ತರಗತಿಯೊಂದಕ್ಕೆ ಅದು ಒಂದು ವಾರದ ಕೆಲಸ.