ದೂರಸಂಪರ್ಕ ಉಪಕರಣಗಳು ಮತ್ತು ಜಾಲದ ಅಂಗಗಳು: ಅರ್ಜಿದಾರರ ಮಾಹಿತಿಗಾಗಿ

ನಾಡಕಚೇರಿ ಹಾಗೂ ಗ್ರಾಮ ಒನ್ ಕೇಂದ್ರಗಳಿಗೆ ಜಾತಿ, ಆದಾಯ ಪ್ರಮಾಣಪತ್ರಗಳಿಗಾಗಿ ಬರುವ ಸಾರ್ವಜನಿಕರು "ಸರ್ವರ್ ಇಲ್ಲ" ಎಂಬ ಉತ್ತರ ಪಡೆದು ಹಿಂದಿರುಗುವುದುಂಟು. ವಿದ್ಯಾರ್ಥಿವೇತನದ ಕೊನೆಯ ದಿನಾಂಕ ಸಮೀಪಿಸಿದಾಗ ಈ ಒಂದು ಮಾತಿನಿಂದ ವರ್ಷದ ನೆರವೇ ಕೈತಪ್ಪಬಹುದಾಗಿದೆ. ಆದರೆ ಸರ್ವರ್ ಎಂಬುದು ದತ್ತಾಂಶ ಕೇಂದ್ರದಲ್ಲಿರುವ ಗಣಕಯಂತ್ರ. ಅದಕ್ಕೂ ಅರ್ಜಿದಾರರು ನಿಂತಿರುವ ಕಿಟಕಿಗೂ ನಡುವೆ ಅನೇಕ ಉಪಕರಣಗಳಿದ್ದು, ಯಾವುದೊಂದು ಕೆಟ್ಟರೂ ಉತ್ತರ ಮಾತ್ರ ಅದೇ ಆಗಿರುತ್ತದೆ.

ಮೊಬೈಲ್ ಜಾಲದಲ್ಲಿ ಗೋಪುರದ ಮೇಲಿನ ಆಂಟೆನಾ ಮತ್ತು ರೇಡಿಯೋ ಘಟಕಗಳು ಸಂಕೇತವನ್ನು ಸ್ವೀಕರಿಸುತ್ತವೆ. ಅಲ್ಲಿಂದ ಆಪ್ಟಿಕಲ್ ಫೈಬರ್ ಕೇಬಲ್ ಅಥವಾ ಗೋಪುರದಲ್ಲಿ ಕಾಣುವ ದುಂಡನೆಯ ಮೈಕ್ರೋವೇವ್ ತಟ್ಟೆಯ ಮೂಲಕ ಸಂಕೇತವು ಮುಂದೆ ಸಾಗುತ್ತದೆ. ಕೊನೆಯಲ್ಲಿರುವುದು "ಕೋರ್". ಸಿಮ್ ಯಾರದೆಂದು ಪರಿಶೀಲಿಸಿ ಕರೆ ಮತ್ತು ದತ್ತಾಂಶಕ್ಕೆ ದಾರಿ ತೋರುವುದು ಇದರ ಕಾರ್ಯ.

ಈ ಉಪಕರಣಗಳ ತಯಾರಿಕೆಗೂ ನಮ್ಮ ರಾಜ್ಯಕ್ಕೂ ಹಳೆಯ ನಂಟಿದೆ. ಐಟಿಐ ಸಂಸ್ಥೆಯು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. 1984ರಲ್ಲಿ ಆರಂಭಗೊಂಡ ಸಿ-ಡಾಟ್ ಸಂಸ್ಥೆಯ 128 ಪೋರ್ಟ್‌ಗಳ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರವು 1986ರಲ್ಲಿ ಕಿತ್ತೂರಿನಲ್ಲಿ ಕಾರ್ಯಾರಂಭ ಮಾಡಿತು. ತದನಂತರ ಮೊಬೈಲ್ ಯುಗದಲ್ಲಿ ದೇಶವು ಬಹುಪಾಲು ವಿದೇಶಿ ಉಪಕರಣಗಳನ್ನೇ ಅವಲಂಬಿಸಬೇಕಾಯಿತು. ದಿನಾಂಕ 27-09-2025ರಂದು ಒಡಿಶಾದ ಝಾರ್ಸುಗುಡದಲ್ಲಿ ಪ್ರಧಾನಮಂತ್ರಿಗಳು ಬಿಎಸ್ಎನ್ಎಲ್‌ನ ಸ್ವದೇಶಿ 4ಜಿ ಜಾಲವನ್ನು ಉದ್ಘಾಟಿಸಿದರು. ಇದರ ಕೋರ್ ಸಿ-ಡಾಟ್‌ನದು, ರೇಡಿಯೋ ಉಪಕರಣ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು, ಜೋಡಣೆಯ ಹೊಣೆ ಟಿಸಿಎಸ್‌ನದು. ಸಾಧನೆ ಗಣನೀಯವಾದುದೇ. ಆದರೂ ಖಾಸಗಿ ಕ್ಷೇತ್ರದ 4ಜಿ ಸೇವೆ 2012ರಲ್ಲಿಯೇ ಕೋಲ್ಕತ್ತ ಮತ್ತು ಬೆಂಗಳೂರಿನಲ್ಲಿ ಆರಂಭವಾಗಿದ್ದುದನ್ನು ಗಮನಿಸಿದಾಗ, ವಿಳಂಬದ ಬೆಲೆಯನ್ನು ತೆತ್ತವರು ಬಿಎಸ್ಎನ್ಎಲ್ ಒಂದನ್ನೇ ನಂಬಿದ್ದ ಹಳ್ಳಿಗಳ ಚಂದಾದಾರರು ಎಂಬುದನ್ನು ಅಲ್ಲಗಳೆಯಲಾಗದು.

ಉಪಕರಣ ಹೊಸದಾದ ಮಾತ್ರಕ್ಕೆ ಸೇವೆ ನಿರಂತರವಾಗುವುದಿಲ್ಲ. ಕೇಬಲ್ ತುಂಡಾಗುವುದು ಮತ್ತು ವಿದ್ಯುತ್ ಹೋದಾಗ ಬ್ಯಾಟರಿ ಕೈಕೊಡುವುದು ಗ್ರಾಮೀಣ ಭಾಗದ ಮುಖ್ಯ ತೊಡಕುಗಳು. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ ಉಪಕರಣ ಖರೀದಿಯು ಬಂಡವಾಳ ವೆಚ್ಚ, ಬ್ಯಾಟರಿ ಬದಲಾವಣೆಯು ನಿರ್ವಹಣಾ ವೆಚ್ಚ. ಮೊದಲನೆಯದಕ್ಕೆ ಉದ್ಘಾಟನೆ ಉಂಟು, ಎರಡನೆಯದಕ್ಕೆ ಇಲ್ಲ! ಈ ದೃಷ್ಟಿಯಿಂದ 2023ರ ಆಗಸ್ಟ್‌ನಲ್ಲಿ ರೂ. 1,39,579 ಕೋಟಿ ವೆಚ್ಚದಲ್ಲಿ ಅನುಮೋದಿತವಾದ ಪರಿಷ್ಕೃತ ಭಾರತ್‌ನೆಟ್ ಕಾರ್ಯಕ್ರಮದಲ್ಲಿ 10 ವರ್ಷಗಳ ನಿರ್ವಹಣೆಯನ್ನು ಸೇರಿಸಿರುವುದು ಸ್ವಾಗತಾರ್ಹ. ಗ್ರಾಮ ಪಂಚಾಯಿತಿಗಳನ್ನು ಬಳೆಯಾಕಾರದಲ್ಲಿ ಜೋಡಿಸುವುದೂ ಅದರಲ್ಲಿದೆ. ಒಂದೇ ಸಾಲಿನ ಕೇಬಲ್ ತುಂಡಾದರೆ ಮುಂದಿನ ಎಲ್ಲ ಊರುಗಳೂ ಸಂಪರ್ಕ ಕಳೆದುಕೊಳ್ಳುತ್ತವೆ. ಬಳೆಯಲ್ಲಾದರೆ ಒಂದು ಕಡೆ ತುಂಡಾದರೂ ಮತ್ತೊಂದು ಕಡೆಯಿಂದ ಸಂಪರ್ಕ ಉಳಿಯುತ್ತದೆ. ಜೆಸಿಬಿಯಿಂದ ನೆಲ ಅಗೆಸುವವರು 2023ರಲ್ಲಿ ಬಿಡುಗಡೆಯಾದ "ಕಾಲ್ ಬಿಫೋರ್ ಯು ಡಿಗ್" ಆ್ಯಪ್ ಮುಖಾಂತರ ಮುಂಚಿತವಾಗಿ ತಿಳಿಸತಕ್ಕದ್ದು.

ಕೇಂದ್ರದಲ್ಲಿ ಕೆಲಸ ನಿಂತಾಗ ಅರ್ಜಿದಾರರು ಅದೇ ಗಣಕಯಂತ್ರದಲ್ಲಿ ಬೇರೆ ಜಾಲತಾಣಗಳು ತೆರೆಯುತ್ತಿವೆಯೇ ಎಂದು ವಿಚಾರಿಸಬಹುದು. ತೆರೆಯುತ್ತಿದ್ದಲ್ಲಿ ದೋಷವು ಬಹುಶಃ ಇಲಾಖೆಯ ತಂತ್ರಾಂಶ ಅಥವಾ ದತ್ತಾಂಶ ಕೇಂದ್ರದ ಕಡೆಯದು. ಆಗ ಬೇರೆ ಕೇಂದ್ರಕ್ಕೆ ಅಲೆಯುವುದರಿಂದ ಪ್ರಯೋಜನವಿಲ್ಲ. ಯಾವುದೂ ತೆರೆಯದಿದ್ದಲ್ಲಿ ಸ್ಥಳೀಯ ಸಂಪರ್ಕದ ದೋಷವಿರುವ ಸಂಭವ ಹೆಚ್ಚಾಗಿದ್ದು, ಬೇರೆ ಸಂಪರ್ಕವುಳ್ಳ ಹತ್ತಿರದ ಕೇಂದ್ರದಲ್ಲಿ ಅರ್ಜಿ ಸಲ್ಲಿಸಬಹುದಾಗಿದೆ. ಎಸ್ಎಂಎಸ್ ಮೂಲಕ ಬರುವ ಒಟಿಪಿಗೆ ಮೊಬೈಲ್ ಡಾಟಾ ಅಗತ್ಯವಿರುವುದಿಲ್ಲ, ಕರೆ ಮಾಡುವಷ್ಟು ಸಿಗ್ನಲ್ ಇದ್ದರೆ ಸಾಕು. ಸಿಗ್ನಲ್ ಇದ್ದೂ ಒಟಿಪಿ ಪದೇ ಪದೇ ಬಾರದಿದ್ದಲ್ಲಿ, ಆಧಾರ್‌ಗೆ ಜೋಡಣೆಯಾಗಿರುವುದು ಹಳೆಯ ಸಂಖ್ಯೆಯೇ ಎಂಬುದನ್ನು ಮೊದಲು ಪರಿಶೀಲಿಸಿಕೊಳ್ಳಲು ಕೋರಲಾಗಿದೆ.