ಪಿಯುಸಿಯಲ್ಲೇ ಪದವಿಯ ಪಾಠ

ಪಿಯುಸಿ ಓದುತ್ತಿರುವಾಗಲೇ ಅಂತರ್ಜಾಲದ ಮೂಲಕ ಪಾಠ ಕಲಿತು, ಪದವಿಯ ಲೆಕ್ಕಕ್ಕೆ ಜಮೆಯಾಗುವ ‘ಕ್ರೆಡಿಟ್’ ಗಳಿಸಬಹುದೆಂದು ಕರಪತ್ರ ಹಿಡಿದು ಬರುವವರು ಈಚೆಗೆ ನಮ್ಮ ಹೋಬಳಿಯಲ್ಲೂ ಕಾಣಿಸಿಕೊಂಡಿದ್ದಾರೆ. ಹಣ ಕಟ್ಟುವ ಮುನ್ನ ಸದಸ್ಯ ಬಾಂಧವರು ಕೇಳಬೇಕಾದದ್ದು ಒಂದೇ: ಇದನ್ನು ಯಾವ ಕಾಲೇಜು ಲೆಕ್ಕಕ್ಕೆ ಹಿಡಿಯುತ್ತದೆ?

ಸರ್ಕಾರದ ‘ಸ್ವಯಂ’ ಪಾಠಗಳು ಉಚಿತ. ಪ್ರಮಾಣಪತ್ರ ಬೇಕಾದವರು ಶುಲ್ಕ ಕಟ್ಟಿ ಪರೀಕ್ಷೆ ಬರೆಯಬೇಕು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2021ರ ನಿಯಮದಂತೆ ಒಂದು ಸೆಮಿಸ್ಟರಿನ ಶೇಕಡಾ 40ರವರೆಗಿನ ಪಾಠಗಳನ್ನು ಹೀಗೆ ಮುಗಿಸಲು ಕಾಲೇಜುಗಳು ಅವಕಾಶ ಕೊಡಬಹುದು. ಆದರೆ ಅದು ಕಾಲೇಜು ಸೇರಿದವರಿಗೆ. ಪಿಯುಸಿ ಮಕ್ಕಳು ಮುಂಚಿತವಾಗಿ ಪಡೆದ ಪ್ರಮಾಣಪತ್ರ ಮುಂದೆ ಎಣಿಕೆಗೆ ಬಂದೇ ಬರುತ್ತದೆಂಬ ಭರವಸೆಯಿಲ್ಲ. ರಸೀದಿಯಿಲ್ಲದೆ ಮಂಡಿಗೆ ಅಡಿಕೆ ಹಾಕದ ನಾವು ಇಲ್ಲೇಕೆ ಬಾಯಿಮಾತು ನಂಬಬೇಕು?

ಇದಕ್ಕಿಂತ ಭದ್ರವಾದ ದಾರಿ ಮದ್ರಾಸ್ ಐಐಟಿಯದು. 2020ರಲ್ಲಿ ಆರಂಭವಾದ ಅದರ ದತ್ತಾಂಶ ವಿಜ್ಞಾನದ ಶಿಕ್ಷಣಕ್ಕೆ ಹನ್ನೊಂದನೆಯ ತರಗತಿಯ, ಅಂದರೆ ಪ್ರಥಮ ಪಿಯುಸಿಯ, ಪರೀಕ್ಷೆ ಬರೆದವರೂ ಅರ್ಜಿ ಹಾಕಬಹುದು. ಕಲೆ, ವಾಣಿಜ್ಯ ಓದಿದವರಿಗೂ ಅಡ್ಡಿಯಿಲ್ಲ. ನಾಲ್ಕು ವಾರ ಮನೆಯಲ್ಲೇ ಪಾಠ, ಆಮೇಲೆ ಕೇಂದ್ರಕ್ಕೆ ಹೋಗಿ ಅರ್ಹತಾ ಪರೀಕ್ಷೆ. ತೇರ್ಗಡೆಯಾದವರು ದ್ವಿತೀಯ ಪಿಯುಸಿ ಮುಗಿಸಿ ಸೇರಬಹುದು. ಕ್ರೆಡಿಟ್ ಜಮೆಯಾಗುವುದು ಅಲ್ಲಿಂದ.

ಆದರೆ ಗುಡ್ಡದ ಮರೆಯ ಮನೆಗಳಿಗೆ ಸಿಗ್ನಲ್ ಇಲ್ಲ, ಆಷಾಢದ ಮಳೆಯಲ್ಲಿ ಕರೆಂಟೂ ಇಲ್ಲ. ನಮ್ಮ ಸಂಘದ ಕಚೇರಿಯಲ್ಲಿ ಇಂಟರ್‌ನೆಟ್ಟೂ ಉಂಟು, ಇನ್ವರ್ಟರೂ ಉಂಟು. ಸಂಜೆ ಐದರ ನಂತರ ಮಹಡಿಯ ಕೊಠಡಿಗೆ ಬೀಗ. ಅದನ್ನು ಸದಸ್ಯರ ಮಕ್ಕಳಿಗೂ ತೋಟದ ಕಾರ್ಮಿಕರ ಮಕ್ಕಳಿಗೂ ತೆರೆದಿಡಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ಖರ್ಚಿನ ಪ್ರಶ್ನೆ ಮಹಾಸಭೆಯಲ್ಲಿ ಬರಲಿ, ಲೆಕ್ಕಸಮೇತ ಉತ್ತರಿಸುತ್ತೇವೆ.